ಊರಿನ ಬೈಲಾ, ಊರವರ ಮಾತು

(ಮಮದಾಪುರದಲ್ಲಿ ನಡೆದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ಶಿಕ್ಷಣ ಸಂಸ್ಥೆಯ ಸಮಾರಂಭವೆಂದರೆ ಪರೀಕ್ಷೆ, ಫಲಿತಾಂಶ, ಶಿಷ್ಯವೇತನ, ಮುಂದಿನ ಕೋರ್ಸು ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ಇವತ್ತು ಸಂಘಟಕರು ನನಗೆ ಕೊಟ್ಟ ವಿಷಯ ‘ಸ್ಥಳೀಯ ಆಡಳಿತ ಮತ್ತು ನಾಗರಿಕರು’. ವಿಷಯ ದೊಡ್ಡದು, ಸಮಯ ಚಿಕ್ಕದು. ಆದ್ದರಿಂದ ಅದರಲ್ಲಿ ಒಂದೇ ಒಂದು ಸಂಗತಿಯನ್ನು ಎತ್ತಿಕೊಳ್ಳುತ್ತೇನೆ. ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗಳು ನಮ್ಮ ದಿನನಿತ್ಯದ ಬದುಕಿನ ಬಗ್ಗೆ ನಿಯಮ ಮಾಡುವಾಗ ನಾವು ಎಲ್ಲಿರುತ್ತೇವೆ? ಕಲಿತವರ ಸಂಖ್ಯೆ ಹೆಚ್ಚಿತು ಎಂದು ಸಂತೋಷಪಡುವ ನಾವು, ಆ ಕಲಿಕೆಯನ್ನು ಈ ಕೆಲಸಕ್ಕೆ ಬಳಸಿದ್ದೇವೆಯೇ? ಇದು ಇವತ್ತಿನ ನನ್ನ ಪ್ರಶ್ನೆ.

ಬೈಲಾ ಎಂದರೇನು?

ಕಾಯ್ದೆ ಎಂದ ಕೂಡಲೇ ನಮಗೆ ದೆಹಲಿಯ ಸಂಸತ್ತು, ಬೆಂಗಳೂರಿನ ವಿಧಾನಸೌಧ ನೆನಪಿಗೆ ಬರುತ್ತವೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ನಮ್ಮನ್ನು ಮುಟ್ಟುವ ಅನೇಕ ನಿಯಮಗಳು ಹುಟ್ಟುವುದು ನಮ್ಮ ಊರಿನ ಕಚೇರಿಯಲ್ಲಿಯೇ. ನಳದ ನೀರಿಗೆ ಎಷ್ಟು ಕೊಡಬೇಕು, ಕಸವನ್ನು ಹೇಗೆ ಬೇರ್ಪಡಿಸಿ ಕೊಡಬೇಕು, ಹಣ್ಣಿನ ಗಾಡಿ ಎಲ್ಲಿ ನಿಲ್ಲಬೇಕು, ಮಾಂಸದಂಗಡಿಗೆ ಪರವಾನಗಿ ಹೇಗೆ, ಮನೆ ಕಟ್ಟುವಾಗ ಓಣಿಗೆ ಎಷ್ಟು ಜಾಗ ಬಿಡಬೇಕು, ಸಂತೆಯ ದಿನ ಯಾವ ರಸ್ತೆಯಲ್ಲಿ ವಾಹನ ಬಿಡಬಾರದು, ಇಂಥವನ್ನೆಲ್ಲ ರಾಜ್ಯದ ಕಾಯ್ದೆಯ ಚೌಕಟ್ಟಿನೊಳಗೆ ಸ್ಥಳೀಯ ಸಂಸ್ಥೆಗಳು ಗೊತ್ತು ಮಾಡುತ್ತವೆ. ಹೀಗೆ ಸ್ಥಳೀಯ ಸಂಸ್ಥೆ ಮಾಡುವ ನಿಯಮಕ್ಕೆ ಸರ್ಕಾರಿ ಕನ್ನಡದಲ್ಲಿ ‘ಉಪವಿಧಿ’ ಎನ್ನುತ್ತಾರೆ. ಜನರ ಬಾಯಲ್ಲಿ ಅದು ‘ಬೈಲಾ’.

ಸಂಸತ್ತಿನ ಕಾಯ್ದೆಯ ಬಗ್ಗೆ ನಾವು ಚಹಾದ ಅಂಗಡಿಯಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತೇವೆ. ಅಲ್ಲಿ ನಮ್ಮ ಒಂದು ಪತ್ರಕ್ಕೆ ಸಿಗುವ ತೂಕ ಕಡಿಮೆ. ಊರಿನ ಬೈಲಾದ ವಿಷಯದಲ್ಲಿ ನಮ್ಮ ಒಂದು ಪತ್ರಕ್ಕೆ ಬಹಳ ತೂಕವಿದೆ. ಆದರೆ ಅದರ ಬಗ್ಗೆ ನಾವು ಬಾಯಿ ಬಿಡುವುದಿಲ್ಲ. ಬೈಲಾ ಜಾರಿಗೆ ಬಂದು, ಸಿಬ್ಬಂದಿ ಬಂದು ದಂಡದ ಚೀಟಿ ಹರಿದು ಕೈಗೆ ಕೊಟ್ಟ ದಿನ ನಮಗೆ ಎಚ್ಚರವಾಗುತ್ತದೆ. ಆಗ ಸದಸ್ಯರ ಮನೆಗೆ ಓಡುತ್ತೇವೆ, ಕಚೇರಿಯ ಮುಂದೆ ಗುಂಪು ಸೇರುತ್ತೇವೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿದೆ.

ಈ ಹಕ್ಕು ಬಂದ ದಾರಿ

ಆಡಳಿತದಲ್ಲಿ ಊರವರ ಮಾತಿಗೆ ಜಾಗವಿರಬೇಕು ಎಂಬುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಬೆಳಗಾವಿ ಜಿಲ್ಲೆ ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1850ರಲ್ಲಿ ಬ್ರಿಟಿಷರು ಮಾಡಿದ 26ನೆಯ ಕಾಯ್ದೆಯ ಪ್ರಕಾರ, ಊರಿನ ನಿವಾಸಿಗಳು ಬೇಕೆಂದು ಕೇಳಿಕೊಂಡರೆ ಅಲ್ಲಿ ಮುನಸಿಪಾಲಿಟಿ ಸ್ಥಾಪಿಸಬಹುದಾಗಿತ್ತು. ಮರುವರ್ಷ, 1851ರಲ್ಲಿ, ಬೆಳಗಾವಿಯಲ್ಲಿ ಮುನಸಿಪಾಲಿಟಿ ಆರಂಭವಾಯಿತು. ಅದರಲ್ಲಿ ಅಧಿಕಾರ ಇದ್ದದ್ದು ಕಲೆಕ್ಟರರ ಕೈಯಲ್ಲಿ ಎಂಬುದು ನಿಜ. ಆದರೂ ಊರವರು ಕೇಳಬೇಕು ಎಂಬ ಮಾತು ಅಂದೇ ಕಾನೂನಿನ ಪುಸ್ತಕದಲ್ಲಿ ಬಂತು. ಮುಂದೆ 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಚುನಾಯಿತ ಸದಸ್ಯರ ಸಂಖ್ಯೆ ಹೆಚ್ಚುತ್ತ ಬಂದದ್ದು ಆ ಬಳಿಕ.

ಸ್ವಾತಂತ್ರ್ಯಾನಂತರದ ಕರ್ನಾಟಕದಲ್ಲಿ ಈ ಮಾತನ್ನು ಗಟ್ಟಿಯಾಗಿ ಹಿಡಿದವರಲ್ಲಿ ಒಂದು ಹೆಸರನ್ನು ಈ ವೇದಿಕೆಯಿಂದ ಹೇಳಲೇಬೇಕು. ಅವರೇ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದರು. ಜನ ಅವರನ್ನು ನೀರಿಗಾಗಿ ನೆನೆಯುತ್ತಾರೆ. ಆದರೆ ಅವರ ಇನ್ನೊಂದು ಕೊಡುಗೆ 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ. ಅದರಂತೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಯಿತು. ಗ್ರಾಮಸಭೆಗೆ ಕಾನೂನಿನಲ್ಲಿ ಜಾಗ ಸಿಕ್ಕಿತು. 1988ರಲ್ಲಿ ಅವರು ತೀರಿಕೊಂಡರು. ಅವರು ಹೋಗಿ ಐದು ವರ್ಷದೊಳಗೆ ಇಡೀ ದೇಶಕ್ಕೆ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಬಂದವು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಗಿದೆ. ಪಂಚಾಯಿತಿಯ ಸದಸ್ಯರು, ಅಧಿಕಾರಿಗಳು ಅಲ್ಲಿ ತರಬೇತಿ ಪಡೆಯುತ್ತಾರೆ.

ನಮ್ಮ ಮಕ್ಕಳು ಅವರ ಹೆಸರನ್ನು ರಸಪ್ರಶ್ನೆಗಾಗಿ ಬಾಯಿಪಾಠ ಮಾಡಿದರೆ ಸಾಲದು. ಹಳ್ಳಿಯ ಬಡವ ಸಭೆಯಲ್ಲಿ ಎದ್ದು ನಿಂತು ತನ್ನ ಕಷ್ಟ ಹೇಳಬೇಕು, ಅದು ಪುಸ್ತಕದಲ್ಲಿ ದಾಖಲಾಗಬೇಕು ಎಂಬ ವ್ಯವಸ್ಥೆಗಾಗಿ ಅವರು ದುಡಿದರು. ಆ ವ್ಯವಸ್ಥೆ ಇದೆ. ಎದ್ದು ನಿಲ್ಲುವವರು ಬೇಕಾಗಿದ್ದಾರೆ.

ಹಳ್ಳಿಗೆ ಸಭೆ ಇದೆ, ಪಟ್ಟಣಕ್ಕೆ?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಮದಾಪುರದಂಥ ಹಳ್ಳಿಯಲ್ಲಿರುವ ಮತದಾರನಿಗೆ ಗ್ರಾಮಸಭೆ, ವಾರ್ಡ್ ಸಭೆಗಳಲ್ಲಿ ಕೂಡುವ, ಮಾತಾಡುವ ಹಕ್ಕು 1993ರ ಪಂಚಾಯತ್ ರಾಜ್ ಕಾಯ್ದೆಯಿಂದಲೇ ಬರುತ್ತದೆ. ಅವನನ್ನು ಯಾರೂ ಆಹ್ವಾನಿಸಬೇಕಾಗಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಅವನು ಆ ಸಭೆಯ ಸದಸ್ಯ. ಕನಿಷ್ಠ ಆರು ತಿಂಗಳಿಗೊಮ್ಮೆಯಾದರೂ ಸಭೆ ನಡೆಯಬೇಕು. ಮನೆ ಯಾರಿಗೆ, ರಸ್ತೆ ಎಲ್ಲಿ, ಗಟಾರ ಯಾವ ಓಣಿಗೆ ಎಂಬುದೆಲ್ಲ ಅಲ್ಲಿ ಚರ್ಚೆಗೆ ಬರಬೇಕು.

ಇದೇ ಮನುಷ್ಯ ದುಡಿಮೆಗಾಗಿ ಗೋಕಾಕಕ್ಕೋ ಮೂಡಲಗಿಗೋ ಹುಕ್ಕೇರಿಗೋ ಹೋಗಿ ನೆಲೆಸಿದರೆ ಏನಾಗುತ್ತದೆ? ಅಲ್ಲಿ ನಗರಸಭೆ, ಪುರಸಭೆ ಇವೆ. ವಾರ್ಡಿನಿಂದ ಒಬ್ಬ ಸದಸ್ಯ ಆರಿಸಿ ಬರುತ್ತಾನೆ. ಆದರೆ ಸಂವಿಧಾನದ 243-ಎಸ್ ವಿಧಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ನಮ್ಮ ಈ ಮೂರು ಪಟ್ಟಣಗಳು ಆ ಅಳತೆಯೊಳಗೆ ಬರುವುದಿಲ್ಲ. ಅಂದರೆ ಹಳ್ಳಿಯವನಿಗೆ ಸಂವಿಧಾನದ ಬಲದಿಂದ ಸಿಕ್ಕ ಸಭೆಯ ಹಕ್ಕು, ಸಣ್ಣ ಪಟ್ಟಣದವನಿಗೆ ಅಷ್ಟು ನೇರವಾಗಿ ಸಿಕ್ಕಿಲ್ಲ. ಪಟ್ಟಣಕ್ಕೆ ಹೋದವನು ಮುಂದುವರಿದ ಎನ್ನುತ್ತೇವೆ. ಮಾತಾಡುವ ಹಕ್ಕಿನ ಲೆಕ್ಕದಲ್ಲಿ ಅವನು ಒಂದು ಹೆಜ್ಜೆ ಹಿಂದೆ ಬಂದಂತೆಯೇ ಸರಿ.

ಚುನಾಯಿತ ಸದಸ್ಯರು ನಮ್ಮ ಪರವಾಗಿ ಮಾತಾಡುತ್ತಾರಲ್ಲ ಎನ್ನಬಹುದು. ಮಾತಾಡುತ್ತಾರೆ. ಆದರೆ ಅವರಿಗೂ ಅಡಚಣೆಗಳಿವೆ. 2018ರಲ್ಲಿ ರಾಜ್ಯದ ಅನೇಕ ನಗರಸಭೆ, ಪುರಸಭೆಗಳಿಗೆ ಚುನಾವಣೆ ನಡೆಯಿತು. ಗೆದ್ದವರಿಗೆ ಅಧಿಕಾರ ಸಿಗಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವಿವಾದ ಕೋರ್ಟಿಗೆ ಹೋಗಿ, ಸುಮಾರು ಎರಡು ವರ್ಷ ಆಡಳಿತಾಧಿಕಾರಿಗಳೇ ಕಾರುಬಾರು ನಡೆಸಿದರು. ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕವೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಇಂಥ ಕಾಲದಲ್ಲಿ ನಾಗರಿಕ ನೇರವಾಗಿ ಬರೆದು ಕೊಡುವ ಮಾತಿಗೆ ಬೆಲೆ ಇನ್ನೂ ಹೆಚ್ಚು.

ಕರಡಿನ ದಿನಗಳು

ಹಾಗಾದರೆ ಪಟ್ಟಣದವನಿಗೆ ದಾರಿಯೇ ಇಲ್ಲವೇ? ಇದೆ. ಆ ದಾರಿಯ ಹೆಸರು ‘ಕರಡು’.

ಕರ್ನಾಟಕ ಪುರಸಭೆಗಳ ಕಾಯ್ದೆ 1964ರದ್ದು. ಅದರ ಪ್ರಕಾರ ಪೌರಸಂಸ್ಥೆ ಬೈಲಾ ಮಾಡುವ ಮೊದಲು ಅದರ ಕರಡನ್ನು ಪ್ರಕಟಿಸಬೇಕು. ಬಾಧಿತರಾಗುವ ಜನರಿಗೆ ತಿಳಿಯುವಂತೆ ಪ್ರಕಟಿಸಬೇಕು. ಇಂಥ ದಿನದೊಳಗೆ ಆಕ್ಷೇಪಣೆ, ಸಲಹೆಗಳನ್ನು ಕೊಡಿ ಎಂದು ಹೇಳಬೇಕು. ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಆಮೇಲೆ ಸಭೆಯಲ್ಲಿ ನಿರ್ಣಯ, ಆಮೇಲೆ ಸರ್ಕಾರದ ಮಂಜೂರಾತಿ. ಕರಡು ಪ್ರಕಟವಾದ ದಿನದಿಂದ ಆಕ್ಷೇಪಣೆಯ ಕೊನೆಯ ದಿನದವರೆಗೆ ಇರುವ ಆ ಕೆಲವು ವಾರಗಳೇ ನಮ್ಮ ಕಾಲ. ಆ ಅವಧಿಯಲ್ಲಿ ಕಚೇರಿಗೆ ಕೊಟ್ಟ ಒಂದು ಹಾಳೆ ಕಡತಕ್ಕೆ ಸೇರುತ್ತದೆ. ಅವಧಿ ಮುಗಿದ ಮರುದಿನ ಸಾವಿರ ಜನ ಸೇರಿ ಕೂಗಿದರೂ ಅದು ಬರೀ ಗದ್ದಲ ಎನ್ನಿಸಿಕೊಳ್ಳುತ್ತದೆ.

ಜನರನ್ನು ಕೇಳದೆ ಮಾಡಿದ ನಿಯಮದ ಗತಿ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಒಂದು ಪ್ರಸಂಗ ನೋಡಿ. 2018ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸಾಕುನಾಯಿಗಳ ಬಗ್ಗೆ ಬೈಲಾ ಹೊರಡಿಸಿತು. ಫ್ಲಾಟಿನಲ್ಲಿದ್ದವರು ಒಂದೇ ನಾಯಿ ಸಾಕಬೇಕು, ಸ್ವತಂತ್ರ ಮನೆಯವರು ಮೂರರವರೆಗೆ ಸಾಕಬಹುದು ಎಂದಿತು. ಪ್ರಾಣಿಪ್ರಿಯರು ತಮ್ಮನ್ನು ಕೇಳಿಯೇ ಇಲ್ಲ ಎಂದು ಎದ್ದು ನಿಂತರು. ಕೆಲವೇ ದಿನಗಳಲ್ಲಿ ಪಾಲಿಕೆ ಅದನ್ನು ತಡೆಹಿಡಿಯಬೇಕಾಯಿತು. ನಾಯಿಯ ವಿಷಯಕ್ಕೆ ಇಷ್ಟು ನಡೆಯಿತೇ ಎಂದು ನೀವು ನಗಬಹುದು. ಆದರೆ ನಾಯಿ ಸಾಕುವವರು ತಮ್ಮ ನಾಯಿಗಾಗಿ ಬರೆದರು, ಮಾತಾಡಿದರು. ನಾವು ನಮ್ಮ ಅನ್ನದ ಗಾಡಿಗಾಗಿ ಎಷ್ಟು ಪತ್ರ ಬರೆದಿದ್ದೇವೆ?

ಇನ್ನೊಂದು ಉದಾಹರಣೆ ಅದೇ ನಗರದ 2031ರ ಪರಿಷ್ಕೃತ ಮಹಾಯೋಜನೆಯದು. 2017ರ ನವೆಂಬರಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅದರ ಕರಡನ್ನು ಪ್ರಕಟಿಸಿತು. 13 ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಆ ಕರಡು ಅಂತಿಮವಾಗಲೇ ಇಲ್ಲ, ಕೊನೆಗೆ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಎಲ್ಲ ಆಕ್ಷೇಪಣೆಗಳೂ ಸರಿ ಇದ್ದವು ಎಂದು ನಾನು ಹೇಳುವುದಿಲ್ಲ. ಓದಿ, ತಿಳಿದು, ಬರೆದು ಕೊಡುವ ಜನ ಇದ್ದ ಕಡೆ ಕಚೇರಿ ತನ್ನಷ್ಟಕ್ಕೆ ಮುಂದೆ ಹೋಗಲಾರದು ಎಂಬುದಷ್ಟೇ ನನ್ನ ಮಾತು.

ದೂರದ ಮಾತು ಬೇಡ ಎನ್ನುವವರಿಗೆ ಹತ್ತಿರದ್ದನ್ನು ಹೇಳುತ್ತೇನೆ. ನಮ್ಮ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಅಲ್ಲಿ ಕರೆಂಟು ಬಳಸುವ ಗ್ರಾಹಕರೇ ಸಂಘದ ಸದಸ್ಯರು. ಉಳಿದ ಕಡೆ ಹೆಸ್ಕಾಂ ಇದೆ. ಇಬ್ಬರೂ ದರವನ್ನು ತಮಗೆ ಬೇಕಾದಂತೆ ಏರಿಸುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯಂತೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕಬೇಕು. ಆಯೋಗ ಜನರ ಆಕ್ಷೇಪಣೆಗಳನ್ನು ಪರಿಶೀಲಿಸಿಯೇ ದರ ಗೊತ್ತು ಮಾಡಬೇಕು. ಅದಕ್ಕಾಗಿ ಬಹಿರಂಗ ವಿಚಾರಣೆಗಳು ನಡೆಯುತ್ತವೆ. ನೀರಾವರಿ ಪಂಪ್‌ಸೆಟ್ಟಿನ ರೈತರು, ಕೈಗಾರಿಕೆಯವರು ತಮ್ಮ ಸಂಘಗಳ ಮೂಲಕ ಅಲ್ಲಿಗೆ ಹೋಗಿ ಲೆಕ್ಕ ಕೇಳುತ್ತಾರೆ. ಗ್ಯಾರೇಜಿನವರು, ವೆಲ್ಡಿಂಗ್ ಅಂಗಡಿಯವರು, ಹಿಟ್ಟಿನ ಗಿರಣಿಯವರು ಎಷ್ಟು ಜನ ಹೋಗಿದ್ದೇವೆ? ಬಿಲ್ಲು ಬಂದಾಗ ಬೈಯುವುದಕ್ಕೆ ಮಾತ್ರ ನಾವೆಲ್ಲ ಮುಂದೆ.

ಗಾಡಿಯ ಮೇಲಿನ ಬದುಕು

ನಮ್ಮ ಸಮಾಜದ ಅನೇಕ ಕುಟುಂಬಗಳ ಅನ್ನ ಇರುವುದು ಕೈಗಾಡಿಯ ಮೇಲೆ. ಹಣ್ಣು, ತರಕಾರಿ, ಬಳೆ, ಬಟ್ಟೆ, ಎಗ್‌ರೈಸ್, ಚಪ್ಪಲಿ ರಿಪೇರಿ, ಕೀಲಿಕೈ ಮಾಡುವುದು. ನಮ್ಮವರು ಮಾತ್ರವಲ್ಲ, ಎಲ್ಲ ಜಾತಿ ಸಮುದಾಯದ ಬಡವರೂ ಈ ಸಾಲಿನಲ್ಲಿದ್ದಾರೆ. ಇವರಿಗಾಗಿ 2014ರಲ್ಲಿ ಸಂಸತ್ತು ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಯ ಕಾಯ್ದೆ ಮಾಡಿದೆ. ಅದರಲ್ಲಿ ಏನಿದೆ ಎಂಬುದನ್ನು ನಮ್ಮ ಪದವೀಧರರು ಓದಿ ಗಾಡಿಯವರಿಗೆ ಹೇಳಬೇಕು.

ಪ್ರತಿ ಪಟ್ಟಣದಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಶೇಕಡಾ 40ರಷ್ಟು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು. ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಅಲ್ಪಸಂಖ್ಯಾತರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಂಗವಿಕಲರಿಗೆ ತಕ್ಕ ಪ್ರಾತಿನಿಧ್ಯ ಇರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ವ್ಯಾಪಾರಿ ಬಂದು ಕೇಳಿದರೆ ಹಣ್ಣು, ತರಕಾರಿಯಂಥ ಕೆಡುವ ಸಾಮಾನನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳಲ್ಲಿ, ನಿಗದಿಯಾದ ಶುಲ್ಕ ಪಡೆದು ಹಿಂದಿರುಗಿಸಬೇಕು. ಮೊದಲಿನಿಂದಲೂ ಕೊಳ್ಳುವವರು, ಮಾರುವವರು ಸೇರುತ್ತ ಬಂದ ಜಾಗವನ್ನು ಸಮೀಕ್ಷೆಯಲ್ಲಿ ಸಹಜ ಮಾರುಕಟ್ಟೆ ಎಂದು ಗುರುತಿಸಿದ ಮೇಲೆ ಅದನ್ನು ವ್ಯಾಪಾರ ನಿಷೇಧಿತ ವಲಯ ಎಂದು ಘೋಷಿಸುವಂತಿಲ್ಲ.

ಇಷ್ಟೆಲ್ಲ ಕಾಯ್ದೆಯಲ್ಲಿದೆ. ಆದರೆ ಯಾವ ರಸ್ತೆ ವ್ಯಾಪಾರದ ವಲಯ, ಯಾವುದು ನಿಷೇಧಿತ, ಗಾಡಿಗೆ ಎಷ್ಟು ಜಾಗ, ತಿಂಗಳಿಗೆ ಎಷ್ಟು ಶುಲ್ಕ, ಇವು ತೀರ್ಮಾನವಾಗುವುದು ಊರಿನಲ್ಲಿ. ಸಮೀಕ್ಷೆಯ ದಿನ ಗಾಡಿಯವನು ಮದುವೆಗೆ ಹೋಗಿದ್ದರೆ, ಅವನ ಹೆಸರು ಬಿಟ್ಟುಹೋಗಿದ್ದರೆ, ಅದನ್ನು ಸೇರಿಸಲು ಅರ್ಜಿ ಹಾಕುವವರು ಯಾರು? ಅವನಿಗೆ ಓದಲು ಬರುವುದಿಲ್ಲ. ಅವನ ಮಗನಿಗೆ ಬರುತ್ತದೆ. ಆ ಮಗ ಇಂದು ಈ ಸಭೆಯಲ್ಲಿ ಕುಳಿತಿದ್ದಾನೆ.

ಆಕ್ಷೇಪಣೆ ಬರೆಯುವ ಬಗೆ

ಈಗ ಬರೆಯುವುದು ಹೇಗೆ ಎಂಬುದನ್ನು ನೋಡೋಣ. ಒಂದು ಪಟ್ಟಣದಲ್ಲಿ ಕಸ ವಿಲೇವಾರಿಯ ಬೈಲಾದ ಕರಡು ಪ್ರಕಟವಾಗಿದೆ ಎಂದು ಇಟ್ಟುಕೊಳ್ಳಿ. ಇದು ಕಲ್ಪನೆಯ ಉದಾಹರಣೆ. ಆದರೆ 2016ರ ಘನತ್ಯಾಜ್ಯ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಇಂಥ ಬೈಲಾ ಮಾಡಿ, ಬಳಕೆದಾರರಿಂದ ಶುಲ್ಕ ಪಡೆಯಿರಿ ಎಂದು ಹೇಳಿದ್ದವು. ನಮ್ಮ ಈ ಕಲ್ಪಿತ ಕರಡಿನಲ್ಲಿ ‘ವಾಣಿಜ್ಯ ಘಟಕ’ಗಳಿಗೆಲ್ಲ ತಿಂಗಳಿಗೆ ಒಂದೇ ದರ ಎಂದಿದೆ. ದೊಡ್ಡ ಲಾಡ್ಜಿಗೂ ಅದೇ, ಮನೆಯಲ್ಲಿ ಕುಳಿತು ಬಟ್ಟೆ ಹೊಲಿಯುವ ವಿಧವೆ ತಾಯಿಗೂ ಅದೇ.

ಒಬ್ಬ ಬರೆಯುತ್ತಾನೆ: ‘ಬಡವರ ಮೇಲೆ ಬರೆ ಎಳೆಯುವ ಈ ಕರಾಳ ನಿಯಮವನ್ನು ರದ್ದು ಮಾಡಬೇಕು.’ ಮಾತು ಖಾರವಾಗಿದೆ, ಕೆಲಸಕ್ಕೆ ಬರುವುದಿಲ್ಲ. ಅಧಿಕಾರಿ ಅದರ ಮೇಲೆ ‘ಪರಿಶೀಲಿಸಲಾಗಿದೆ’ ಎಂದು ಬರೆದು ಕಟ್ಟಿಡುತ್ತಾನೆ.

ಇನ್ನೊಬ್ಬ ಬರೆಯುತ್ತಾನೆ: ‘ಕರಡಿನ ಇಂಥ ಕಲಂನಲ್ಲಿ ವಾಣಿಜ್ಯ ಘಟಕ ಎಂಬುದಕ್ಕೆ ವ್ಯಾಖ್ಯೆ ಇಲ್ಲ. ಮನೆಯಲ್ಲೇ ಹೊಲಿಗೆ, ಹಪ್ಪಳ, ಶ್ಯಾವಿಗೆ ಮಾಡುವವರೂ ಇದರೊಳಗೆ ಬರುತ್ತಾರೆ. ನಮ್ಮ ಓಣಿಯಲ್ಲಿ ಇಂಥ ಇಷ್ಟು ಮನೆಗಳಿವೆ, ಪಟ್ಟಿ ಲಗತ್ತಿಸಿದೆ. ಇವರ ಕಸ ಸಾಮಾನ್ಯ ಮನೆಯ ಕಸಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ಇಂಥ ಮನೆಗಳಿಗೆ ಗೃಹಬಳಕೆಯ ದರವನ್ನೇ ಹಾಕಬೇಕು, ದೊಡ್ಡ ಘಟಕಗಳಿಗೆ ಕಸದ ಪ್ರಮಾಣಕ್ಕೆ ತಕ್ಕಂತೆ ದರ ಇರಬೇಕು.’ ಈ ಪತ್ರವನ್ನು ಕಡೆಗಣಿಸುವುದು ಕಷ್ಟ. ಏಕೆಂದರೆ ಇದರಲ್ಲಿ ನಾಲ್ಕು ಸಂಗತಿಗಳಿವೆ. ಯಾವ ಕಲಂ, ಏನು ತೊಂದರೆ, ಎಷ್ಟು ಜನರಿಗೆ, ಪರಿಹಾರವೇನು. ಈ ನಾಲ್ಕನ್ನು ನೆನಪಿಡಿ.

ಪತ್ರವನ್ನು ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆಯಾದರೆ ಮುಖ್ಯಾಧಿಕಾರಿಗೆ ಬರೆಯಬೇಕು. ಗ್ರಾಮ ಪಂಚಾಯಿತಿಯ ವಿಷಯವಾದರೆ ಪಿಡಿಒ ಅವರಿಗೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು, ತಾರೀಖಿನೊಂದಿಗೆ ಸ್ವೀಕೃತಿ ಪಡೆಯಬೇಕು. ಒಂದು ಪ್ರತಿಯನ್ನು ವಾರ್ಡಿನ ಸದಸ್ಯರಿಗೆ ಕೊಡಬೇಕು. ಸಭೆಯಲ್ಲಿ ಎದ್ದು ಮಾತಾಡಲು ಅವರಿಗೂ ಕೈಯಲ್ಲಿ ಒಂದು ಕಾಗದ ಬೇಕಲ್ಲವೇ? ಆಮೇಲೆ ನಮ್ಮ ಆಕ್ಷೇಪಣೆ ಏನಾಯಿತು ಎಂದು ಕೇಳಬೇಕು. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ ಸಭೆಯ ನಡವಳಿಯ ನಕಲು ಕೇಳಬಹುದು. ಜನರಿಗೆ ಸಂಬಂಧಿಸಿದ ಮಹತ್ವದ ತೀರ್ಮಾನಗಳ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕು, ಬಾಧಿತರಿಗೆ ಕಾರಣ ತಿಳಿಸಬೇಕು ಎಂದು ಅದೇ ಕಾಯ್ದೆಯ 4ನೆಯ ಕಲಂ ಹೇಳುತ್ತದೆ.

ಊರವರ ಮಾತು ಬೇಕಾಗಿರುವುದು ಊರವರ ಅನುಕೂಲಕ್ಕಾಗಿ ಮಾತ್ರವಲ್ಲ, ಕಚೇರಿಗೂ ಅದು ಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ನಗರಕ್ಕೆ ನೀರು ನುಗ್ಗಿದ್ದು, ಲೋಳಸೂರ ಸೇತುವೆ ಮುಳುಗಿದ್ದು ನಿಮಗೆಲ್ಲ ನೆನಪಿದೆ. ನೀರು ಯಾವ ಓಣಿಗೆ ಮೊದಲು ಬಂತು, ಯಾವ ಗೋಡೆಯ ಎಷ್ಟು ಎತ್ತರಕ್ಕೆ ನಿಂತಿತ್ತು, ಯಾವ ಗಟಾರ ಹಿಂದಕ್ಕೆ ಹೊಡೆಯಿತು ಎಂಬುದು ವರ್ಗವಾಗಿ ಬಂದ ಅಧಿಕಾರಿಗೆ ಗೊತ್ತಿರುವುದಿಲ್ಲ. ಆ ಮನೆಯಲ್ಲಿ ಇದ್ದವರಿಗೆ ಗೊತ್ತು. ಕಟ್ಟಡದ ನಿಯಮ, ಗಟಾರದ ಯೋಜನೆ ಬರುವಾಗ ಆ ತಿಳಿವಳಿಕೆ ಕಾಗದಕ್ಕೆ ಇಳಿಯದಿದ್ದರೆ ಮುಂದಿನ ಮಹಾಪೂರಕ್ಕೂ ನಾವು ಹಾಸಿಗೆ ಸುತ್ತಿಕೊಂಡು ಶಾಲೆಯ ಕೋಣೆಗೆ ಓಡಬೇಕಾಗುತ್ತದೆ.

ಕೇಳುವ ಗುಣ

ಒಂದು ಎಚ್ಚರಿಕೆಯ ಮಾತು. ಅಭಿಪ್ರಾಯ ಕೊಟ್ಟರೆ ಅದೇ ನಡೆಯಬೇಕು ಎಂದು ಹಟ ಹಿಡಿಯುವಂತಿಲ್ಲ. ಗಾಡಿಯವನಿಗೆ ರಸ್ತೆಯ ಅಂಚು ಬೇಕು. ಬಾಡಿಗೆ ಕಟ್ಟಿ ಅಂಗಡಿ ಇಟ್ಟವನಿಗೆ ತನ್ನ ಬಾಗಿಲು ಕಾಣಬೇಕು. ಆಂಬುಲೆನ್ಸಿಗೆ ದಾರಿ ಬೇಕು. ಕೋಲು ಹಿಡಿದು ನಡೆಯುವ ಮುದುಕನಿಗೆ ಕಾಲುದಾರಿ ಬೇಕು. ಇವರೆಲ್ಲರೂ ನಿವಾಸಿಗಳೇ, ಎಲ್ಲರ ಬೇಡಿಕೆಯೂ ನ್ಯಾಯದ್ದೇ. ಪೌರಸಂಸ್ಥೆಯ ಚರ್ಚೆ ಎಂದರೆ ಇವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ. ನಮ್ಮ ಮಾತನ್ನು ಹೇಳಿದಷ್ಟೇ ಶಾಂತವಾಗಿ ಎದುರಿನವರ ಮಾತನ್ನು ಕೇಳಬೇಕು. ಕುರ್‌ಆನಿನ 42ನೆಯ ಅಧ್ಯಾಯದ ಹೆಸರೇ ‘ಅಶ್ಶೂರಾ’, ಎಂದರೆ ಸಮಾಲೋಚನೆ. ಮಶ್ವರಾ ಎಂಬ ಪದ ನಮ್ಮ ಮನೆಮಾತಿನಲ್ಲಿದೆ. ಮದುವೆ ಗೊತ್ತು ಮಾಡುವಾಗ, ಜಮಾತಿನ ಖರ್ಚು ನಿಗದಿ ಮಾಡುವಾಗ ಹತ್ತು ಜನರನ್ನು ಕೂಡಿಸಿ ಕೇಳುವ ನಮಗೆ ಈ ಪದ್ಧತಿ ಹೊಸದಲ್ಲ. ಅದನ್ನು ಓಣಿಯ ಆಚೆಗೆ, ಊರಿನ ಸಭೆಗೆ ಒಯ್ಯಬೇಕು.

ಹಾಗೆ ಒಯ್ಯುವಾಗ ನಾವೊಬ್ಬರೇ ಹೋಗಬಾರದು. ಕಸ, ನೀರು, ಗಟಾರಗಳಿಗೆ ಜಾತಿ ಧರ್ಮ ಇಲ್ಲ. ಒಂದು ಓಣಿಯ ಅರ್ಜಿಯಲ್ಲಿ ಪಕ್ಕದ ಓಣಿಯ ಲಿಂಗಾಯತ ಅಣ್ಣನ, ಜೈನ ಅಂಗಡಿಕಾರನ, ದಲಿತ ತಾಯಿಯ ಸಹಿಯೂ ಇದ್ದರೆ ಅದು ಊರಿನ ಅರ್ಜಿಯಾಗುತ್ತದೆ. ಬರೀ ನಮ್ಮವರ ಸಹಿ ಇದ್ದರೆ ಅದಕ್ಕೆ ಬೇರೆ ಬಣ್ಣ ಬಳಿಯುವುದು ಸುಲಭ.

ಸಂಸ್ಥೆ ಮಾಡಬಹುದಾದ ಕೆಲಸ

ಕೊನೆಯದಾಗಿ ಈ ಸಂಸ್ಥೆಯ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದು ಕನ್ನಡ. ಉರ್ದು ಮಾಧ್ಯಮದಲ್ಲಿ ಕಲಿತ ನಮ್ಮ ಅನೇಕ ಮಕ್ಕಳು ಕನ್ನಡ ಮಾತಾಡುತ್ತಾರೆ. ಆದರೆ ಕಚೇರಿಯ ನೋಟಿಸ್ ಓದಿ ಅರ್ಥ ಮಾಡಿಕೊಳ್ಳಲು ತಡವರಿಸುತ್ತಾರೆ. ‘ಸದರಿ’, ‘ತತ್ಸಂಬಂಧ’, ‘ಲಗತ್ತು’, ‘ಹಿಂಬರಹ’, ‘ನಡವಳಿ’ ಎಂಬ ಪದಗಳ ಮುಂದೆ ಪದವೀಧರನೂ ನಿಂತುಬಿಡುತ್ತಾನೆ. ಉರ್ದು ನಮ್ಮ ಮನೆಯ ಸಂಪತ್ತು, ಅದನ್ನು ಬಿಡಬೇಕಾಗಿಲ್ಲ. ಅದರ ಜೊತೆಗೆ ಆಡಳಿತದ ಕನ್ನಡವನ್ನು ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದು ತಾಸು ಕಲಿಸಿರಿ. ಒಂದು ಹಳೆಯ ನೋಟಿಸನ್ನೇ ಪಾಠ ಮಾಡಿರಿ.

ಎರಡನೆಯದು, ಸಂಸ್ಥೆಯ ವಾಚನಾಲಯದಲ್ಲಿ ಒಂದು ಕಡತ ಇಡಿರಿ. ಪಂಚಾಯಿತಿ, ಪುರಸಭೆ, ನಗರಸಭೆಗಳ ಪ್ರಕಟಣೆಗಳನ್ನು, ಪತ್ರಿಕೆಯಲ್ಲಿ ಬಂದ ಕರಡುಗಳನ್ನು ಕತ್ತರಿಸಿ ಅದರಲ್ಲಿ ಅಂಟಿಸಬೇಕು, ಪಕ್ಕದಲ್ಲಿ ಆಕ್ಷೇಪಣೆಯ ಕೊನೆಯ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಇಬ್ಬರು ವಿದ್ಯಾರ್ಥಿಗಳು ಹದಿನೈದು ದಿನಕ್ಕೊಮ್ಮೆ ಕಚೇರಿಯ ನೋಟಿಸ್ ಬೋರ್ಡು ನೋಡಿ ಬಂದರೆ ಸಾಕು. ಶುಕ್ರವಾರದ ನಮಾಜಿನ ನಂತರ ಮಸೀದಿಯ ಹೊರಗೆ ಎರಡು ನಿಮಿಷ ಅದನ್ನು ತಿಳಿಸಬಹುದು.

ಮೂರನೆಯದು ಹೆಣ್ಣುಮಕ್ಕಳ ವಿಷಯ. ನಳಕ್ಕೆ ನೀರು ಯಾವಾಗ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂಬುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ರಾಜ್ಯದ ಪಂಚಾಯಿತಿಗಳಲ್ಲಿ ಈಗ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ನಮ್ಮ ಮನೆಯ ಅಕ್ಕ ಸದಸ್ಯೆಯಾದಾಗ ಸಭೆಗೆ ಅವಳ ಗಂಡ ಹೋಗಿ ಕೂಡುವ ಚಾಳಿಯನ್ನು ನಾವೇ ಬಿಡಬೇಕು. ಸಹಿ ಮಾಡುವವಳೇ ಓದಬೇಕು, ಓದಿದವಳೇ ಮಾತಾಡಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ಶಾಲೆಯ ಶೌಚಾಲಯ, ಕಾಂಪೌಂಡು, ಬಸ್ಸಿನ ವೇಳೆಯ ಬಗ್ಗೆ ಮಕ್ಕಳೇ ಎದ್ದು ಕೇಳುತ್ತಾರೆ. ನಮ್ಮ ಹುಡುಗಿಯರನ್ನು ಅಲ್ಲಿಗೆ ಕಳಿಸಿ. ಅಲ್ಲಿ ಹೆದರದೆ ಮಾತಾಡಿದವಳು ಮುಂದೆ ಎಲ್ಲಿಯೂ ಹೆದರಲಾರಳು.

ನಾಲ್ಕನೆಯದು, ವರ್ಷಕ್ಕೆ ಒಂದಾದರೂ ಕರಡಿನ ಮೇಲೆ ಈ ಸಂಸ್ಥೆಯಿಂದ ಒಂದು ಲಿಖಿತ ಅಭಿಪ್ರಾಯ ಹೋಗಲಿ. ಅದನ್ನೂ, ಅದಕ್ಕೆ ಬಂದ ಉತ್ತರವನ್ನೂ ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಮಾಡಿರಿ. ಸನ್ಮಾನದ ಫೋಟೋಗಳ ನಡುವೆ ಅಂಥ ಒಂದು ಪುಟ ಇದ್ದರೆ ಈ ಪತ್ರಿಕೆಯನ್ನು ಜನ ಎತ್ತಿಡುತ್ತಾರೆ.

ಬಂಧುಗಳೇ, ಹಕ್ಕು ಎಂಬುದು ಮಸೀದಿಯ ಹೌಜಿನ ನೀರಿನಂತೆ. ತುಂಬಿದೆ, ಎಲ್ಲರಿಗೂ ಇದೆ. ಆದರೆ ಕೂತು, ಬಾಗಿ, ಕೈ ಚಾಚಿದವನಿಗೆ ಮಾತ್ರ ಸಿಗುತ್ತದೆ. ನಮ್ಮ ಹಿರಿಯರು ಸಭೆಯಲ್ಲಿ ಜಾಗ ಕೊಡಿಸಿ ಹೋದರು. ಆ ಜಾಗದಲ್ಲಿ ಕೂಡುವುದು, ಕೈಯಲ್ಲಿ ಒಂದು ಹಾಳೆ ಹಿಡಿದು ಕೂಡುವುದು, ಕಲಿತ ನಮ್ಮ ಮಕ್ಕಳ ಪಾಲಿಗೆ ಬಂದಿದೆ.